ದಿನಕ್ಕೈದು ಕಡ್ಡಿ ಪುಣ್ಯ

ಆಗಮನ ಕಾಲದ ಮೊದಲ ಭಾನುವಾರ ಬೆಳಿಗ್ಗೆ ಏಳೂವರೆಗೆ, ಮುನ್ನೂರು ಜನರ ಎದುರು, ನಾನು ತಪ್ಪು ಮೇಣದಬತ್ತಿ ಹಚ್ಚಿದೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ (ಗೊತ್ತಿರುವವರು ದಯವಿಟ್ಟು ನಗುವುದನ್ನು ನಿಲ್ಲಿಸಿ). ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರ ನಮಗೆ ಆಗಮನ ಕಾಲ. ಹುಟ್ಟಿ ಬರಲಿರುವ ಬಾಲ ಯೇಸುವಿಗಾಗಿ ಮನೆಗಿಂತ ಮೊದಲು ಮನಸ್ಸಿಗೆ ಸುಣ್ಣ ಬಳಿಯುವ ಕಾಲ. ಬಲಿಪೀಠದ ಪಕ್ಕ ಹಸಿರೆಲೆಯ ದೊಡ್ಡ ಬಳೆಯೊಂದರಲ್ಲಿ ನಾಲ್ಕು ಮೇಣದಬತ್ತಿ ನಿಲ್ಲಿಸಿರುತ್ತಾರೆ. ಮೂರು ನೇರಳೆ, ಒಂದು ಗುಲಾಬಿ. ವಾರಕ್ಕೊಂದರಂತೆ ಹಚ್ಚಬೇಕು. ಗುಲಾಬಿಯ ಸರದಿ ಬರುವುದು ಮೂರನೆಯ ವಾರ. ನಾನು ಮೊದಲನೆಯ ವಾರವೇ ಹೋಗಿ ಅದಕ್ಕೆ ಬೆಂಕಿ ಇಟ್ಟೆ.

ತಪ್ಪು ನನ್ನದಲ್ಲ, ಕನ್ನಡಕದ್ದು. ಕನ್ನಡಕ ಹಾಕಿದರೆ ನಾನು ಗುಮಾಸ್ತನಂತೆ ಕಾಣುತ್ತೇನೆ. (ನಾನು ಗುಮಾಸ್ತನೇ. ಆದರೆ ಭಾನುವಾರ ರಜೆ.) ಹಾಗಾಗಿ ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಗಾಯನವೃಂದ ಅರ್ಧ ಸಾಲಿಗೇ ನಿಂತಾಗ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. ತಕ್ಷಣ ಬಗ್ಗಿ ‘ಉಫ್’ ಎಂದು ಊದಿ ಆರಿಸಿದೆ. ಮೈಕು ಮೂತಿಯ ಹತ್ತಿರವೇ ಇತ್ತು. ಆ ‘ಉಫ್’ ಚರ್ಚಿನ ಗೇಟಿನವರೆಗೂ ಕೇಳಿಸಿತಂತೆ. ಮುಂದಿನ ಸಾಲಿನ ಪುಟ್ಟ ಮಕ್ಕಳು ಹುಟ್ಟುಹಬ್ಬವೆಂದು ತಿಳಿದು ಚಪ್ಪಾಳೆ ತಟ್ಟಿದವು.

ಯೋಚಿಸಿ ನೋಡಿ. ಹತ್ತು ವರ್ಷ ಕಾನ್ವೆಂಟಿನಲ್ಲಿ, ಸಿಸ್ಟರುಗಳ ಸ್ಕೇಲಿನ ನೆರಳಿನಲ್ಲಿ ಬೆಳೆದವನು ನಾನು. ಧರ್ಮೋಪದೇಶದ ಪರೀಕ್ಷೆಯಲ್ಲಿ ಸತತ ಮೂರು ವರ್ಷ ಮೊದಲ ಬಹುಮಾನ ಪಡೆದವನು (ಮೂರು ಸಲವೂ ಸೋಪಿನ ಡಬ್ಬಿ). ವಿನಯದಲ್ಲಂತೂ ಇಡೀ ದಾವಣಗೆರೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಅಂಥ ಇನ್ನಾಸಪ್ಪನಿಗೆ ಈ ಗತಿ!

ಪೂಜೆಯ ಕೊನೆಗೆ ಫಾದರ್ ಜ್ಞಾನಪ್ರಕಾಶ್ ಏನೋ ಪ್ರಕಟಣೆ ಮಾಡುತ್ತಿದ್ದಾಗ ನಾನು ಹೊರಗೆ ನಲ್ಲಿಯ ಹತ್ತಿರ ಕೋಟಿನ ತೋಳಿನಿಂದ ಮೇಣ ಕೆರೆಯುತ್ತಿದ್ದೆ. ವಿದ್ಯಾನಗರದ ಮನೆಗೆ ಸ್ಕೂಟರಿನಲ್ಲಿ ಮರಳುವಾಗ ನನ್ನ ಧರ್ಮಪತ್ನಿ ಅಗ್ನೇಸ್ (ಹೆಸರಿನಲ್ಲಿರುವ ಅಗ್ನಿ ಅಲ್ಲಿಗೇ ನಿಂತಿಲ್ಲ) ಹಿಂದಿನ ಸೀಟಿನಿಂದ ವರದಿ ಒಪ್ಪಿಸಿದಳು.

“ಚರ್ಚಿನ ಹಳೇ ಗೋದಲಿ ಗೆದ್ಲು ತಿಂದು ಹೋಗೈತಂತೆ. ಮನಿಮನಿಯಾಗೂ ಒಂದು ಖಾಲಿ ಗೋದಲಿ ಇಡಬೇಕಂತೆ. ಮನ್ಯಾಗಿನೋರು ಒಂದೊಂದು ಒಳ್ಳೇ ಕೆಲ್ಸ ಮಾಡಿದಾಗ್ಲೂ ಅದಕ್ಕೆ ಒಂದೊಂದು ಕಡ್ಡಿ ಹುಲ್ಲು ಹಾಕಬೇಕಂತೆ. ನಾಕನೇ ಭಾನುವಾರದ ಹಿಂದಿನ ದಿನ ಫಾದರ್ ಎಲ್ಲರ ಮನಿಗೂ ಬಂದು ನೋಡ್ತಾರೆ. ಅದ್ರಾಗೆ ಒಂದನ್ನ ಆರಿಸಿ ತಗೊಂಡು ಹೋಗಿ, ಹಬ್ಬದ ದಿನ ಬಾಲ ಯೇಸೂನ ಅದ್ರಾಗೇ ಮಲಗಿಸ್ತಾರಂತೆ.”

ನಾನು ಗಕ್ಕನೆ ಬ್ರೇಕ್ ಹಾಕಿದೆ. (ಗೋದಲಿಯೆಂದರೆ ದನದ ಮೇವಿನ ತೊಟ್ಟಿ, ಹುಟ್ಟಿದ ಯೇಸುವನ್ನು ಮಲಗಿಸಿದ್ದು ಅದರಲ್ಲೇ.) ಚರ್ಚಿನ ಜನರೆಲ್ಲ ಮೊಣಕಾಲೂರುವ ಜಾಗದಲ್ಲಿ ನನ್ನ ಗೋದಲಿ! ಆಗ ಯಾರು ನೆನೆಯುತ್ತಾರೆ ಗುಲಾಬಿ ಬತ್ತಿಯನ್ನು?

“ಇನ್ನೊಂದು ಮಾತು ಹೇಳಿದ್ರು ಫಾದರ್...”

“ಗೊತ್ತು ಬಿಡೇ. ನಾನು ಕಾನ್ವೆಂಟಿನಾಗೆ ಓದಿದೋನು.”

“ಹಂಗಲ್ರಿ, ಮುಖ್ಯವಾದ್ದೇ ಅದು...”

“ಸಿಸ್ಟರುಗಳು ನಂಗೆ ಮೂರನೇ ಕ್ಲಾಸಿನಾಗೇ ಕಲಿಸ್ಯಾರೆ.”

ಅವಳು ಸುಮ್ಮನಾದಳು. ಅಗ್ನೇಸ್ ಸುಮ್ಮನಾಗುವುದು ಅಪಾಯದ ಲಕ್ಷಣವೆಂದು ಇಪ್ಪತ್ತಾರು ವರ್ಷದ ಸಂಸಾರ ನನಗೆ ಕಲಿಸಿದೆ. ಆದರೆ ಆಗಮನಕ್ಕೆ ಬೇಕಾದ ‘ಆ ಗಮನ’ ನನಗಾಗ ಇರಲಿಲ್ಲ.

ಮರುದಿನವೇ ಬಡಗಿ ಶಬ್ಬೀರ್‌ಗೆ ತೇಗದ ಗೋದಲಿ ಮಾಡಲು ಹೇಳಿದೆ. ಅಳತೆ ಕೇಳಿ ಅವನು ತಲೆ ಕೆರೆದುಕೊಂಡ.

“ಇಷ್ಟು ಸಣ್ಣದು ಯಾವ ದನಕ್ಕೆ ಸಾರ್?”

“ದನಕ್ಕಲ್ಲ ಮಾರಾಯ, ದೇವರಿಗೆ.”

“ದೇವ್ರು ಹುಲ್ಲು ತಿಂತಾನಾ?”

“ತಿನ್ನೋದಿಲ್ಲ. ಮಲಗ್ತಾನೆ.”

ಅವನು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡ. ಅದರ ಮೇಲೆ ಹೂವಿನ ಕೆತ್ತನೆಯೂ ಬೇಕು, ಮುಂಭಾಗದಲ್ಲಿ ನನ್ನ ಮನೆತನದ ಹೆಸರೂ ಬರಬೇಕು ಎಂದೆ. ಹೆಸರಿಗೆ ಅಗ್ನೇಸ್ ಒಪ್ಪಲಿಲ್ಲ. ಹೂವಿಗೆ ಇಳಿದೆವು.

ಹುಲ್ಲಿಗೆ ಚಿಂತೆಯಿರಲಿಲ್ಲ. ನಮ್ಮ ಆಫೀಸಿನ ಮಾರುತಿಯ ಹಳ್ಳಿ ಕೊಕ್ಕನೂರು. ಹೊಸ ಭತ್ತದ ಹುಲ್ಲಿನ ಒಂದು ಹೊರೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದು ನಮ್ಮ ವರಾಂಡದಲ್ಲಿ ಇಳಿಸಿದ. “ಎಮ್ಮಿ ಯಾವಾಗ ಬರ್ತೈತೆ ಸಾರ್?” ಎಂದು ಕೇಳಿ ಹೋದ. ತೇಗದ ಗೋದಲಿಯನ್ನು ಆ ಹೊರೆಯ ಪಕ್ಕದಲ್ಲೇ, ಬೀದಿಯಲ್ಲಿ ಹೋಗುವವರಿಗೆ ಚೆನ್ನಾಗಿ ಕಾಣುವಂತೆ, ಸ್ಟೂಲಿನ ಮೇಲೆ ಪ್ರತಿಷ್ಠಾಪಿಸಿದೆ.

ಆಮೇಲೆ ಶುರುವಾಯಿತು ನನ್ನ ಪುಣ್ಯದ ಕೃಷಿ. ದಿನಕ್ಕೆ ಐದು ಒಳ್ಳೆಯ ಕೆಲಸ ಎಂದು ಗುರಿ ಇಟ್ಟುಕೊಂಡೆ. ನಿಮಗೆ ಸುಲಭವೆನಿಸಬಹುದು, ಮಾಡಿ ನೋಡಿ. ಮಂಗಳವಾರ ಬೆಣ್ಣೆ ದೋಸೆ ತ್ಯಜಿಸಿದೆ. ಸುಮ್ಮನೆ ಮನೆಯಲ್ಲಿ ಕೂತು ತ್ಯಜಿಸಿದರೆ ಅದು ತ್ಯಾಗ ಹೇಗಾದೀತು? ಹೋಟೆಲಿಗೇ ಹೋಗಿ, ಹೆಂಚಿನ ಮೇಲೆ ಬೆಣ್ಣೆ ಕರಗುವ ಪರಿಮಳವನ್ನು ಎದುರಿಸಿ ಕೂತು, ಬರೀ ನೀರು ಕುಡಿದೆ. ಮಾಲೀಕ ಬಕ್ಕೇಶ್ ಗಾಬರಿಯಾಗಿ ಗಲ್ಲಾದಿಂದ ಎದ್ದು ಬಂದ.

“ಯಾಕ ಸಾರ್, ಶುಗರ್ ಬಂತಾ?”

“ಶುಗರ್ ಅಲ್ಲ ಬಕ್ಕೇಶ್, ಸಂಯಮ ಬಂದೈತೆ.” ಎಂದು ಆಗಮನ ಕಾಲದ ಮಹತ್ವವನ್ನು ಅರ್ಧ ಗಂಟೆ ವಿವರಿಸಿದೆ. ಮೇಜು ಖಾಲಿಯಾಗಲೆಂದು ಕಾದು ನಿಂತವರೂ ಕೇಳಿ ಪುನೀತರಾದರು.

ಗುರುವಾರ ಹರಿಹರದ ಬಸ್ಸಿನಲ್ಲಿ ಒಬ್ಬ ಅಜ್ಜಿಗೆ ಸೀಟು ಬಿಟ್ಟುಕೊಟ್ಟೆ. ಇಳಿದ ಕೂಡಲೇ ನೆಟ್ಟಗೆ ಮಾವನ ಮನೆಗೆ ನಡೆದು, ಬಾಗಿಲಲ್ಲೇ ನಿಂತು ಆ ಸುದ್ದಿ ಮುಟ್ಟಿಸಿದೆ. ಅತ್ತೆ ನೊಂದುಕೊಂಡರು. “ಅಯ್ಯೋ, ಹರಿಹರದ ತನಕ ನಿಂತ್ಕಂಡೇ ಬಂದ್ರಾ? ಆ ಅಜ್ಜಿ ಎಲ್ಲಿ ಇಳಿದ್ಲು?” ಎಂದರು. ಅಜ್ಜಿ ಮುಂದಿನ ಸ್ಟಾಪಿನಲ್ಲೇ ಇಳಿದಿದ್ದಳು, ಆಮೇಲೆ ನಾನು ಮತ್ತೆ ಕೂತಿದ್ದೆ. ಅಷ್ಟು ವಿವರ ಅನಗತ್ಯವೆನಿಸಿತು. ಊಟಕ್ಕೆ ಕೋಳಿ ಸಾರು ಮಾಡಿದ್ದರು. ಒಂದೇ ಸಲ ಹಾಕಿಸಿಕೊಂಡೆ. ಎರಡನೆಯ ಸಲ ಬೇಡವೆಂದದ್ದು ಏಕೆ ಎಂದು ಎಲ್ಲರಿಗೂ ತಿಳಿಸಿದೆ.

ರಾತ್ರಿ ಮನೆಗೆ ಬಂದವನೇ ಎಣಿಸಿ ಕಡ್ಡಿ ಹಾಕುತ್ತಿದ್ದೆ. ಹಾಕುವಾಗ ಅಗ್ನೇಸ್‌ಳಿಗೂ ಪ್ರತಿ ಕಡ್ಡಿಯ ಚರಿತ್ರೆ ಹೇಳುತ್ತಿದ್ದೆ. ಹೆಂಡತಿಗೆ ಗಂಡನ ಆಧ್ಯಾತ್ಮಿಕ ಪ್ರಗತಿ ತಿಳಿದಿರಬೇಕಲ್ಲವೆ?

“ಇವತ್ತು ಆಫೀಸಿನಾಗೆ ಮ್ಯಾನೇಜರು ಬೈದರೂ ತಿರುಗಿ ಬೈಲಿಲ್ಲ ಗೊತ್ತಾ?”

“ಯಾವತ್ತು ಬೈದೀರಿ?”

“ಬೈಯಬೇಕು ಅಂತ ಮನಸ್ಸಿನಾಗೆ ಇತ್ತಲ್ಲೇ! ಅದನ್ನ ತಡಕಂಡೆ.”

“ಆಯ್ತು. ನಾಳೆ ಸ್ವಲ್ಪ ಗ್ಯಾಸ್ ಸಿಲಿಂಡರ್ ಒಳಗೆ ಇಟ್ಟುಕೊಡೋ ಒಳ್ಳೇ ಕೆಲ್ಸನೂ ಮಾಡ್ರಿ.”

“ಅದು ಸಂಸಾರ. ಇದು ಸಾಧನೆ. ಎರಡನ್ನೂ ಬೆರೆಸಬ್ಯಾಡ.”

ಹತ್ತು ದಿನ ಕಳೆಯಿತು. ಐವತ್ತು ಕಡ್ಡಿ ಆಗಬೇಕಿತ್ತು. ಬಗ್ಗಿ ನೋಡಿದರೆ ತಳದಲ್ಲಿ ತೆಳ್ಳಗೆ ಒಂದಿಷ್ಟು ಬಿದ್ದಿದೆ, ಅಷ್ಟೇ. ಮರುದಿನ ಐದರ ಬದಲು ಎಂಟು ಹಾಕಿದೆ. ಬೆಳಿಗ್ಗೆ ಮತ್ತೆ ಅಷ್ಟೇ! ಯಾರೋ ನನ್ನ ಪುಣ್ಯಕ್ಕೆ ಕನ್ನ ಹಾಕುತ್ತಿದ್ದಾರೆ.

ಮೊದಲು ಗುಬ್ಬಿಗಳ ಮೇಲೆ ಅನುಮಾನ ಬಂತು. ಗೋದಲಿಗೆ ಸೊಳ್ಳೆ ಪರದೆ ಕಟ್ಟಿದೆ. ಪ್ರಯೋಜನವಾಗಲಿಲ್ಲ. ಆಮೇಲೆ ಬೀದಿ ಹಸುಗಳ ಮೇಲೆ ಅನುಮಾನ ಹೋಯಿತು. ಗೇಟಿಗೆ ಬೀಗ ಜಡಿದೆ. ಅದನ್ನು ಪಕ್ಕದ ಮನೆಯ ಸರ್ವಮಂಗಳಮ್ಮ ಬೆಳಿಗ್ಗೆ ಆರಕ್ಕೇ ಬಡಿದು ಎಬ್ಬಿಸಿದರು. ಎಪ್ಪತ್ತು ದಾಟಿದ ಹಿರಿಯರು. ಹಣೆತುಂಬ ವಿಭೂತಿ, ಕೈಯಲ್ಲಿ ಹೂಬುಟ್ಟಿ. ಅವರ ಲಿಂಗಪೂಜೆಗೆ ಹೂವು ನಮ್ಮ ಅಂಗಳದ ಕಣಗಿಲೆ ಗಿಡದಿಂದಲೇ ಹೋಗಬೇಕು. ಅದು ಹದಿನೆಂಟು ವರ್ಷದ ಪದ್ಧತಿ.

“ಏನಪ್ಪಾ ಇನ್ನಾಸಪ್ಪ, ದೇವ್ರ ಹೂವಿಗೂ ಬೀಗ ಹಾಕಿದ್ಯೇನು?”

“ಕಳ್ಳರ ಕಾಟ ಅಮ್ಮಾ.”

“ಏನು ಕದ್ರಪ್ಪಾ?”

“ಹುಲ್ಲು.”

ನಾನು ಗೇಟು ತೆರೆದೆ, ಅವರು ಹೂಬುಟ್ಟಿ ಹಿಡಿದು ಗಿಡದ ಕಡೆ ಹೋದರು. ಮತ್ತೆ ಬೀಗ ಹಾಕಲಿಲ್ಲ. ಕೊನೆಯ ಅಸ್ತ್ರವಾಗಿ ಸ್ಟೂಲಿನ ಕೆಳಗೆ ಇಲಿಬೋನು ಇಟ್ಟೆ. ಅದರಲ್ಲಿ ಬಿದ್ದದ್ದು ನನ್ನ ಹೆಬ್ಬೆರಳು ಮಾತ್ರ. (ಆಗ ಬಾಯಿಗೆ ಬಂದ ಮಾತನ್ನು ನುಂಗಿದ್ದಕ್ಕೆ ಎರಡು ಕಡ್ಡಿ. ಅದನ್ನೂ ಹರಿಹರಕ್ಕೆ ಫೋನ್ ಮಾಡಿ ತಿಳಿಸಿದೆ.)

ಹೀಗೆ ಮೂರು ವಾರ ತುಂಬಿತು. ಶನಿವಾರ ಸಂಜೆ ನಾಲ್ಕಕ್ಕೆ ಫಾದರ್ ಬಂದರು. ಬಿಳಿ ನಿಲುವಂಗಿಯ ಗುರುಗಳು ಬೀದಿಗೆ ಬಂದರೆಂದು ಸರ್ವಮಂಗಳಮ್ಮನೂ ಸೆರಗು ಹೊದ್ದು ಬಂದು, ಕೈ ಮುಗಿದು ಕಟ್ಟೆಯ ಮೇಲೆ ಕೂತರು. ಯಾವ ಸ್ವಾಮಿಗಳು ಬಂದರೂ ಅವರು ಬಿಡುವವರಲ್ಲ.

ಫಾದರ್ ಗೋದಲಿಯೊಳಗೆ ಇಣುಕಿದರು. “ಇನ್ನಾಸಪ್ಪನವರೆ, ಮೂರು ವಾರಕ್ಕೆ ಇಷ್ಟೇನಾ?”

ನನ್ನ ಮಾನ ತಳ ಕಂಡಿತು. “ಕಳುವಾಗಿದೆ ಫಾದರ್! ನಾನು ಹಾಕಿದ್ದು ನೂರಕ್ಕೂ ಮೇಲೆ. ಇವತ್ತು ಬೆಳಿಗ್ಗೆಯದನ್ನೇ ನೋಡಿ, ಹಾಲಿನವನು ತಡ ಮಾಡಿದರೂ ಗದರಲಿಲ್ಲ...”

ಪಕ್ಕದಲ್ಲಿ ಬಳೆ ಸದ್ದಾಯಿತು.

“ಎದುರು ಮನೆಯವರ ಕಾರು ನಮ್ಮ ಗೇಟಿಗೆ ಅಡ್ಡ ನಿಂತಿತ್ತು, ನಗುನಗುತ್ತಾ ಹೇಳಿದೆ...”

ಮತ್ತೆ ಬಳೆ ಸದ್ದು. ಫಾದರ್ ನನ್ನನ್ನು ಬಿಟ್ಟು ನನ್ನ ಪಕ್ಕಕ್ಕೆ ನೋಡುತ್ತಿದ್ದರು. ನಾನೂ ತಿರುಗಿದೆ. ಅಗ್ನೇಸ್ ಗೋದಲಿಯಿಂದ ಒಂದೊಂದೇ ಕಡ್ಡಿ ತೆಗೆದು ಹೊರೆಗೆ ವಾಪಸ್ಸು ಸಿಕ್ಕಿಸುತ್ತಿದ್ದಳು.

“ಇದೇನಮ್ಮಾ ಮಾಡ್ತಿದ್ದೀರಿ?” ಎಂದರು ಫಾದರ್.

“ನೀವೇ ಹೇಳಿದ್ರಲ್ಲ ಫಾದರ್, ಮಾಡಿದ ಒಳ್ಳೇ ಕೆಲ್ಸ ಬಾಯಿಬಿಟ್ಟು ಹೇಳ್ಕಂಡ್ರೆ ಆ ಕಡ್ಡಿ ತೆಗೀಬೇಕು ಅಂತ. ಇವ್ರಿಗೆ ಅವತ್ತೇ ಹೇಳಾಕೆ ಹೋದೆ, ಕಾನ್ವೆಂಟು ಅಂದ್ರು. ಅದಕ್ಕೆ ಇವ್ರು ಹೇಳಿದಂಗೆಲ್ಲ ನಾನು ತೆಗೀತಾ ಬಂದೀನಿ.”

“ಎಷ್ಟನ್ನು ಹೇಳಿಕೊಂಡಿದ್ದಾರೆ?”

“ಒಂದೂ ಬಿಟ್ಟಿಲ್ಲ ಫಾದರ್.”

ನೆಲ ಬಾಯಿಬಿಡಬಾರದೇ ಎಂದುಕೊಂಡೆ. ವಿದ್ಯಾನಗರದ ನೆಲ, ಕಾಂಕ್ರೀಟು; ಬಿಡಲಿಲ್ಲ. ಆದರೆ ಫಾದರ್ ಗೋದಲಿಗೆ ಕೈಹಾಕಿ ತಳದ ಹುಲ್ಲನ್ನು ಮೆಲ್ಲಗೆ ಸವರಿ ನೋಡಿದರು. ಅವರ ಮುಖ ಅರಳಿತು.

“ಬೆಳಿಗ್ಗೆಯಿಂದ ಹದಿನೆಂಟು ಮನೆ ನೋಡಿದೆ. ಎಲ್ಲಾ ಕಡೆ ಗೋದಲಿಗಳು ತುಂಬಿ ತುಳುಕುತ್ತಿವೆ. ನಿನ್ನೆ ಸಂಜೆ ಒಂದೇ ಸಲಕ್ಕೆ ತುರುಕಿದ್ದೆಂದು ನೋಡಿದರೇ ತಿಳಿಯುತ್ತದೆ. ಇಲ್ಲಿ ಮಾತ್ರ, ಹೇಳಿಕೊಂಡದ್ದೆಲ್ಲ ಕಳೆದ ಮೇಲೂ ಇಷ್ಟು ಉಳಿದಿದೆ. ಯಾರೋ ಯಾರಿಗೂ ಹೇಳದೆ ಹಾಕಿದ್ದು ಇದು. ನಾನು ಇದೇ ಗೋದಲಿಯನ್ನು ಚರ್ಚಿಗೆ ತೆಗೆದುಕೊಂಡು ಹೋಗುತ್ತೇನೆ. ಈ ಹುಲ್ಲು ಹಾಕಿದವರೇ ಹಬ್ಬದ ದಿನ ಇದನ್ನು ಬಲಿಪೀಠದವರೆಗೆ ಹೊತ್ತು ತರಲಿ.”

ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಗಳು ಪ್ರಾರ್ಥನೆ ಶುರುಮಾಡಿದವು. ನನಗೇ ತಿಳಿಯದಂತೆ, ನನ್ನಿಂದಲೇ ಗುಟ್ಟಾಗಿ, ನಾನು ಇಷ್ಟೊಂದು ಒಳ್ಳೆಯತನ ಮಾಡಿದ್ದೇನೆಂದರೆ! ಹೊಸ ಕೋಟು ಹೊಲಿಸಬೇಕು, ಹರಿಹರದವರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಬೇಕು ಎಂದು ಯೋಚಿಸುತ್ತಾ, ತಲೆ ತಗ್ಗಿಸಿ ಅತ್ಯಂತ ವಿನಯದ ಭಂಗಿಯಲ್ಲಿ ನಿಂತೆ.

“ಇದು ನಿಮ್ಮದಾ ಅಮ್ಮಾ?” ಫಾದರ್ ಅಗ್ನೇಸ್‌ಳನ್ನು ಕೇಳಿದರು.

“ನಂದಲ್ಲ ಫಾದರ್. ನಂಗೆ ತೆಗಿಯೋದ್ರಾಗೇ ಸಾಕಾಗ್ಯೈತೆ, ಹಾಕಾಕೆ ಪುರುಸೊತ್ತು ಎಲ್ಲೈತೆ?”

ಈಗ ಉಳಿದವನು ಒಬ್ಬನೇ. ನಾನು ಗಂಟಲು ಸರಿಪಡಿಸಿಕೊಂಡೆ.

“ಅದಾ? ಅದು ನಾನು ಹಾಕಿದ್ದು,” ಎಂದರು ಕಟ್ಟೆಯ ಮೇಲಿಂದ ಸರ್ವಮಂಗಳಮ್ಮ. “ಬೆಳಿಗ್ಗೆ ಹೂವಿಗೆ ಬಂದಾಗ ದಿನಾ ನಾಕು ಕಡ್ಡಿ.”

ಫಾದರ್ ಅವರ ಹತ್ತಿರ ಹೋಗಿ, ಬಗ್ಗಿ ನಿಂತು, ಬಹಳ ಗೌರವದಿಂದ ಕೇಳಿದರು: “ಅಷ್ಟೊಂದು ಏನು ಒಳ್ಳೆಯ ಕೆಲಸ ಮಾಡಿದಿರಿ ಅಮ್ಮಾ?”

“ಒಳ್ಳೇ ಕೆಲ್ಸ ಎಲ್ಲೀದು ಸ್ವಾಮೇರೆ? ಹಸುಗೂಸು ಬರ್ತೈತೆ, ಇದ್ರಾಗೇ ಮಲಗಿಸ್ತೀವಿ ಅಂತ ಅಗ್ನೇಸಮ್ಮ ಅಂದ್ಲು. ಬಂದು ನೋಡಿದ್ರೆ ಬರೀ ಹಲಗಿ. ಇಲ್ಲಿ ಗಂಡ ಹಾಕೋದು, ಹೆಂಡ್ತಿ ತೆಗಿಯೋದು, ಮೂರು ವಾರದಿಂದ ಇದೇ ನಡದೈತೆ. ಕೂಸಿಗೆ ಬೆನ್ನು ಒತ್ತುತ್ತೆ ಅನ್ನೋ ಖಬರು ಇವ್ರಿಬ್ರಿಗೂ ಇಲ್ಲಲ್ಲ ಅಂತ ನಾನೇ ಹಾಕಿದೆ.”