ಸುಖದ ಬಣ್ಣ ಬೂದಿ

ಬೈರಿದೇವರಕೊಪ್ಪದ ಹುಲಗೇಶನ ಪಡಸಾಲೆಗೆ ಗಿಳಿಹಸಿರು ಬಣ್ಣವಿತ್ತು. ಅದರಿಂದ ಹುಲಗೇಶನಿಗಾಗಲಿ ಗೋಡೆಗಾಗಲಿ ಯಾವ ತೊಂದರೆಯೂ ಇರಲಿಲ್ಲ. ಮಗಳು ಕರುಣಾಳನ್ನು ನೋಡಲು ಭಾನುವಾರ ಸಂಜೆ ಬರುತ್ತೇವೆಂದು ಧಾರವಾಡದಿಂದ ಫೋನು ಬಂತು. ಅಷ್ಟಕ್ಕೇ ಬಿಡದೆ ಹುಡುಗನ ತಾಯಿ ಒಂದು ಮಾತು ಸೇರಿಸಿದಳು: "ವರದಕ್ಷಿಣಿ ಗಿರದಕ್ಷಿಣಿ ನಮಗ ಬ್ಯಾಡ್ರಿ. ಮನಿ ಅಭಿರುಚಿ ಒಂದ ನೋಡ್ತೇವಿ."

ಫೋನು ಇಟ್ಟ ಹುಲಗೇಶ ಒಮ್ಮೆ ಗೋಡೆ ನೋಡಿದ. ಸರಕಾರಿ ಆಫೀಸಿನ ಗುಮಾಸ್ತ ಅವನು. ವರದಕ್ಷಿಣೆಯಾದರೆ ಸೊಸೈಟಿಯಲ್ಲಿ ಸಾಲ ಸಿಗುತ್ತಿತ್ತು, ಅಭಿರುಚಿಗೆ ಯಾವ ಸೊಸೈಟಿ ಸಾಲ ಕೊಡುತ್ತದೆ? ಹುಡುಗ ರಾಜರತ್ನ ಕಾಲೇಜಿನಲ್ಲಿ ಕಲಿಸುತ್ತಿದ್ದ. ಅವನ ಫೋಟೋ ನೋಡಿ ಕರುಣಾ ಇದೇ ಮೊದಲ ಸಲ "ಆಗಲಿ" ಎಂದಿದ್ದಳು. ಈ ಸಂಬಂಧ ತಪ್ಪಬಾರದು.

ಹೀಗಾಗಿ ಮನೆ ಅಲಂಕಾರ ಮಾಡಿಸುವ ಚಿನ್ಮಯೀ ಎಂಬಾಕೆ ಬಂದಳು. ಹೊಸಿಲ ಮೇಲೆ ನಿಂತು, ಹಾವು ಕಂಡವಳ ಹಾಗೆ ಗೋಡೆ ನೋಡಿದಳು.

"ಅಂಕಲ್, ಈ ಹಸಿರಿನ್ಯಾಗ ನೀವು ಸುಖದಿಂದ ಹ್ಯಾಂಗ ಇದ್ರಿ?"

"ಇದ್ವೆವಾ. ಯಾಕ, ಇರಬಾರದಿತ್ತೇನು?"

"ಈಗಿನ ಸುಖದ ಬಣ್ಣ ಬೂದಿ ರೀ. ಸಾಮಾನ ಎಷ್ಟ ಕಡಿಮಿ, ಸುಖ ಅಷ್ಟ ಹೆಚ್ಚು."

ಹಿಂದೆ ಸುಣ್ಣದ ಗೋಡೆ ಇತ್ತು. ಒರಗಿದರೆ ಬೆನ್ನು ಬೆಳ್ಳಗಾಗುತ್ತಿತ್ತೇ ಹೊರತು ಮನಸ್ಸಿಗೆ ಏನೂ ಆಗುತ್ತಿರಲಿಲ್ಲ. ಆಮೇಲೆ ಎಣ್ಣೆ ಬಣ್ಣ ಬಂತು, ಇದೇ ಸುಖ ಎಂದರು. ಗಾಜಿನ ಶೋಕೇಸು ಬಂತು, ಒಳಗೆ ತಲೆ ಅಲ್ಲಾಡಿಸುವ ಗೊಂಬೆ ಇಟ್ಟು ಇದೇ ಸುಖ ಎಂದರು. ಈಗ ಅದನ್ನೆಲ್ಲ ಹೊರಗೆ ಹಾಕುವುದೇ ಸುಖವಂತೆ. ಕೊಳ್ಳಲಿಕ್ಕೂ ರೊಕ್ಕ, ಹೊರಗೆ ಹಾಕಲಿಕ್ಕೂ ರೊಕ್ಕ. ಮಾರುವವನಿಗೆ ಮಾತ್ರ ಎರಡೂ ಸಲ ಸುಖ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಸೋಫಾ, ಶೋಕೇಸು, ಟೀವಿ, ಕುರ್ಚಿ ಎಲ್ಲ ಅಂಗಳಕ್ಕೆ ಬಂದವು. ಒಳಗೆ ಬೂದಿ ಗೋಡೆ, ನೆಲಕ್ಕೆ ಒಂದು ಬಿಳಿ ಗಾದಿ. ಬಣ್ಣದ ಬಲ್ಬು ಸುತ್ತಿದ ಬುದ್ಧನ ಫೋಟೋ ಒಳಕೋಣೆಗೆ ಹೋಗಿ, ಅದರ ಜಾಗಕ್ಕೆ ಕಲ್ಲಿನ ಬುದ್ಧನ ತಲೆ ಬಂತು. ತಲೆ ಮಾತ್ರ. ಮೈ ಇಟ್ಟರೆ ಗದ್ದಲ ಅನ್ನಿಸುತ್ತದಂತೆ.

"ಗ್ವಾಡಿಗೆ ಒಂದ ಫೋಟೋ ಬೇಕ್ರಿ. ಹಿರೇರದು, ಕಪ್ಪು-ಬಿಳಿ. ಈಗ ಅದ ಚಾಲ್ತಿ," ಎಂದಳು ಚಿನ್ಮಯೀ.

ಹುಲಗೇಶನ ತಾಯಿ ಅಕ್ಕವ್ವ ಮಗಳ ಊರು ಮುಗದಕ್ಕೆ ಹೋಗಿದ್ದಳು. ಅವಳ ರೇಶನ್ ಕಾರ್ಡಿನ ಫೋಟೋ ಹಿಗ್ಗಿಸಿ ತಂದು ಗೋಡೆಗೆ ಹಾಕಿದರು. ಕೆಳಗೆ ಒಂದು ದೀಪ, ಎರಡು ಊದಿನಕಡ್ಡಿ. ಗೋಡೆಗೆ ಹೊಂದಲಿ ಎಂದು ಹುಲಗೇಶನಿಗೆ ಬಿಳಿ ಜುಬ್ಬ ತೊಡಿಸಿ, ಗಾದಿಯ ಮೇಲೆ ಕೂಡಿಸಿ, "ನಗಬ್ಯಾಡ್ರಿ, ಶಾಂತ ಇರ್ರಿ" ಎಂದು ಹೇಳಿ ಚಿನ್ಮಯೀ ಹೋದಳು. ಬಾಗಿಲು ತೆರೆದೇ ಇತ್ತು.

ಎದುರುಮನೆಯ ಇಮಾಮಬಿ ಹಾಲು ತರಲು ಹೊರಟವಳು ಇತ್ತ ನೋಡಿದಳು. ಸಾಮಾನೆಲ್ಲ ಅಂಗಳದಲ್ಲಿ. ಒಳಗೆ ಅಕ್ಕವ್ವನ ಫೋಟೋ, ಮುಂದೆ ದೀಪ, ಬದಿಗೆ ಬಿಳಿ ಬಟ್ಟೆಯಲ್ಲಿ ಮಗ. ಆಕೆಯ ಕೈಯಿಂದ ತಂಬಿಗೆ ಜಾರಿತು.

"ನನ್ನವ್ವಾ! ಒಂದ ಮಾತೂ ಹೇಳದ ಹೋದೆಲ್ಲಬೇ!"

"ಇಮಾಮಬಿಯಾರ, ಯಾರೂ ಸತ್ತಿಲ್ರಿ!" ಹುಲಗೇಶ ಎದ್ದು ನಿಂತ.

"ಮೊದಲ ಹಂಗ ಅನಸ್ತೈತಪಾ," ಅವನ ತಲೆ ಸವರಿ ಆಕೆ ಇನ್ನಷ್ಟು ಅತ್ತಳು. "ನಮ್ಮವರು ಹೋದಾಗ ನಾನೂ ಹಂಗ ಅಂದಿದ್ದೆ."

ಆ ಅಳು ಓಣಿಯ ತುದಿ ಮುಟ್ಟಿತು. ಆಕೆಯ ಮಗ ಗೌಸಮೊದ್ದೀನ ಗ್ಯಾರೇಜಿಗೆ ಬೀಗ ಹಾಕಿ ಓಡಿ ಬಂದ. "ಕಾಕಾ, ಮುಗದದಿಂದ ತರಾಕ ಗಾಡಿ ಕಳಸ್ಲಿ?" ಪಕ್ಕದ ಮನೆಯ ನಿವೃತ್ತ ಮಾಸ್ತರ ಮೈಲಾರಪ್ಪ ಹೆಗಲಿಗೆ ಬಿಳಿ ಟವೆಲು ಹಾಕಿಕೊಂಡು ಬಂದು ಫೋಟೋಕ್ಕೆ ಚೆಂಡು ಹೂವಿನ ಹಾರ ಏರಿಸಿದ. ಓಣಿಯ ಉಳಿದ ಗಂಡಸರೂ ಬಿಳಿ ಬಟ್ಟೆಯಲ್ಲೇ ಬಂದು ಗೋಡೆಗುಂಟ ಕೂತರು. ಸತ್ತ ಮನೆಯಲ್ಲಿ ಒಲೆ ಹಚ್ಚಬಾರದೆಂದು ಹೆಂಗಸರು ರೊಟ್ಟಿ, ಝುಣಕದ ಗಂಟು ತಂದರು. ಹುಲಗೇಶನ ಹೆಂಡತಿ ಸಂಘಮಿತ್ರಾ ಅಡುಗೆಮನೆಯಲ್ಲಿ ಶಿರಾಕ್ಕೆ ರವೆ ಹುರಿಯುತ್ತಿದ್ದಳು. ಒಬ್ಬಳು ಹೋಗಿ ಗ್ಯಾಸು ಆರಿಸಿ, ಅವಳ ಕಣ್ಣೊರೆಸಿದಳು.

"ಅತ್ತಿ ಅರಾಮ ಅದಾರ್ರಿ!" ಸಂಘಮಿತ್ರಾ ಕೂಗಿದಳು.

"ಹೌದವಾ, ಈಗ ಅರಾಮ ಆದ್ಲು. ಮೊಣಕಾಲ ಬ್ಯಾನಿ ಭಾಳ ಇತ್ತು."

ಹೊರಗೆ ಕಾರು ನಿಂತಿತು. ಧಾರವಾಡದವರು! ಹುಲಗೇಶನ ಮುಖ ಗೋಡೆಗೆ ಸರಿಯಾಗಿ ಹೊಂದಿತು.

ಹುಡುಗನ ತಾಯಿ ಹೊಸಿಲು ದಾಟಿದವಳೇ ನಿಂತಳು. ಬೂದಿ ಗೋಡೆಗುಂಟ ಬಿಳಿ ಬಟ್ಟೆಯವರ ಸಾಲು. ಯಾರೂ ಮಾತಾಡುತ್ತಿಲ್ಲ, ಎಲ್ಲರ ತಲೆಯೂ ಬಗ್ಗಿದೆ.

"ಅಬ್ಬಾ! ಏನ್ ಶಾಂತಿ, ಏನ್ ಶಾಂತಿ! ರಾಜೂ, ಮೊದಲ ಫೋಟೋ ತಗಿ. ಹುಲಗೇಶವ್ರ, ಇವರೆಲ್ಲಾ ದಿನಾ ಹಿಂಗ ಬಂದು ಕೂಡ್ತಾರೇನ್ರಿ?"

ಮುಳುಗುವವನಿಗೆ ಎಮ್ಮೆಯ ಬಾಲ ಸಿಕ್ಕಂತಾಯಿತು. "ಹೌ... ಹೌದ್ರಿ. ಧ್ಯಾನ."

"ಎರಡ ಮಾತು ಹೇಳ್ತೇನಿ," ಎಂದು ಮೈಲಾರಪ್ಪ ಮಾಸ್ತರ ಎದ್ದ. ಹುಲಗೇಶ ಅವನ ಧೋತರ ಹಿಡಿದು ಜಗ್ಗಿದ. ಧೋತರ ಜಾರಿತೇ ಹೊರತು ಭಾಷಣ ನಿಲ್ಲಲಿಲ್ಲ. "ಅಕ್ಕವ್ವನಂಥಾ ಹೆಣ್ಮಗಳು ಇನ್ನ ಹುಟ್ಟೂದಿಲ್ಲ. ಬಾಯಿ ಒಂದೀಟು ಕೆಟ್ಟಿತ್ತು, ಸುಳ್ಳ್ಯಾಕ..."

"ಯಾರ ಬಾಯೋ ಮಾಸ್ತರಾ?"

ಬಾಗಿಲಲ್ಲಿ ಅಕ್ಕವ್ವ ನಿಂತಿದ್ದಳು. ಕಂಕುಳಲ್ಲಿ ಗಂಟು, ಬಾಯಲ್ಲಿ ಎಲೆಯಡಿಕೆ. ಮೊಮ್ಮಗಳನ್ನು ನೋಡಲು ಬರುತ್ತಾರೆಂದು ತಿಳಿದು ಮುಗದದಿಂದ ಬಸ್ಸು ಹಿಡಿದು ಬಂದಿದ್ದಳು. ಅಂಗಳದ ಸೋಫಾ ನೋಡಿದಳು, ಅಳುವವರನ್ನು ನೋಡಿದಳು, ಕೊನೆಗೆ ಹಾರ ಹಾಕಿಸಿಕೊಂಡ ತನ್ನನ್ನೇ ನೋಡಿದಳು.

"ನಾ ಸತ್ತದ್ದು ನನಗರೆ ಒಂದ ಮಾತು ಹೇಳಬಾರದೇನ್ರೋ, ಭಾಡ್ಯಾಗೋಳ್ರ್ಯಾ! ಹುಲಗ್ಯಾ, ಗಿಳಿ ಬಣ್ಣ ಎಲ್ಲಿ ಹೋತು? ಬುದ್ಧನ ಮೈ ಯಾರ ಒಯ್ದಾರೋ?"

ಅಷ್ಟರಲ್ಲಿ ಹಸಿರು ಸೀರೆ ಉಟ್ಟು ಚಹದ ತಾಟು ಹಿಡಿದು ಕರುಣಾ ಹೊರಗೆ ಬಂದಳು. ಅಜ್ಜಿಯನ್ನೂ ಹಾರವನ್ನೂ ಒಟ್ಟಿಗೆ ಕಂಡವಳಿಗೆ ನಗು ತಡೆಯಲಾಗಲಿಲ್ಲ. ತಾಟು ನೆಲಕ್ಕಿಟ್ಟು, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ರಾಜರತ್ನ ಅದರದೂ ಒಂದು ಫೋಟೋ ತೆಗೆದ. ಅಳುತ್ತಿದ್ದವರೂ ನಕ್ಕರು. ಇಮಾಮಬಿ ಅಕ್ಕವ್ವನನ್ನು ಅಪ್ಪಿ ಗುದ್ದಿದಳು. ಧಾರವಾಡದವರು ಮಾತ್ರ ತುಟಿ ಬಿಗಿಹಿಡಿದು ಚಹಾ ಕುಡಿದು, "ಫೋನ್ ಮಾಡ್ತೇವ್ರಿ" ಎಂದು ಎದ್ದರು.

ತಂದ ರೊಟ್ಟಿ ಕೆಡಿಸುವುದೇಕೆಂದು ಓಣಿಯವರು ಅಲ್ಲೇ ಪಂಕ್ತಿ ಹಾಕಿದ್ದರು. ಊಟ ಮುಗಿಯುವ ಮೊದಲೇ ಹುಡುಗನ ತಾಯಿಯ ಫೋನು ಬಂತು. ಹುಲಗೇಶ ಅದನ್ನು ಎಲ್ಲರಿಗೂ ಕೇಳುವಂತೆ ಇಟ್ಟ.

"ಹುಲಗೇಶವ್ರ, ನಿಮ್ಮ ಮನಿ ನಮಗ ಭಾಳ ಹಿಡಿಸೇತ್ರಿ."

ಸಂಘಮಿತ್ರಾ ಸಕ್ಕರೆ ಡಬ್ಬಿ ತೆರೆದಳು.

"ಆದ್ರ ಫೋಟೋದಾಗ ಎಲ್ಲಾ ಛಲೋ ಕೂಡೇತಿ, ಕರುಣಾ ಒಬ್ಬಾಕಿ ಹೊಂದವಲ್ಲಳ್ರಿ. ಆ ಹಸಿರು ಸೀರಿ, ಆ ನಗಿ... ನಮ್ಮ ಮನಿ ಗ್ವಾಡೀನೂ ಬೂದಿ ರೀ, ತಪ್ಪ ತಿಳೀಬ್ಯಾಡ್ರಿ. ಇನ್ನೊಂದ ಮಾತು. ಬರೂ ಭಾನುವಾರ ಪತ್ರಿಕಿಯವರು ನಮ್ಮ ಮನಿ ಫೋಟೋ ತಗಿಯಾಕ ಬರ್ತಾರ. ನಿಮ್ಮಲ್ಲೆ ಗ್ವಾಡಿಗುಂಟ ಕುಂತಿದ್ರಲ್ಲಾ, ಆ ಮಂದೀನ ಒಂದ ತಾಸು ಕಳಸ್ತೀರೇನ್ರಿ?"

ಇಮಾಮಬಿ ಕೈಯೊರೆಸಿಕೊಂಡು ಫೋನು ಎತ್ತಿಕೊಂಡಳು.

"ಬಾಯಾರ, ಕರದಲ್ಲೆಲ್ಲಾ ಬರೂ ಮಂದಿ ಅಲ್ರಿ ನಾವು. ನಿಮ್ಮ ಮನ್ಯಾಗ ಯಾರರೆ ಸತ್ರ ತಿಳಸ್ರಿ, ರೊಟ್ಟಿ ಕಟಗೊಂಡು ನಾವ ಬರ್ತೇವಿ."