ಸಿದ್ದಕ್ಕನ ರಾಗಿ ಎಲೆಯ ಜೆರಾಕ್ಸ್

ನಮ್ಮ ಸಾರಜನಕ ಮಿತಬಳಕೆ ಘಟಕದ ವ್ಯಾಪ್ತಿಯಲ್ಲಿ ಈ ಸಲದ ಮುಂಗಾರಿಗೆ ಒಂದು ಚಿಟಿಕೆ ಯೂರಿಯಾನೂ ಪೋಲಾಗಿಲ್ಲ ಅಂತ ಈ ಮೂಲಕ ಎಲ್ರಿಗೂ ತಿಳಿಯಪಡಿಸ್ತೀನಿ.

ನಾನು ಧನ್ಯಶ್ರೀ, ಘಟಕದ ಎಲೆಮಿತ್ರೆ. ಸೇರಿ ಮೂರೇ ತಿಂಗ್ಳು, ಆದ್ರೂ ನಂಗೆ ಎಲ್ಲಾ ಗೊತ್ತು! ವಿಷ್ಯ ಬಾಳ ಸುಲಭ ಕಣ್ರೀ. ಒಂದು ಕಾರ್ಡ್ ಇರುತ್ತೆ, ಅದ್ರಲ್ಲಿ ತಿಳಿ ಹಸಿರಿಂದ ಕಡು ಹಸಿರಿನ ತನಕ ಆರು ಪಟ್ಟಿ. ಬೆಳೆಯ ಎಲೆನ ಪಕ್ಕದಲ್ಲಿಟ್ಟು ನೋಡೋದು. ಎಲೆ ತಿಳಿ ಇದ್ರೆ ಸಾರಜನಕ ಸಾಲ್ದು, ಯೂರಿಯಾ ಚೀಟಿ ಕೊಡೋದು. ಕಡು ಇದ್ರೆ ವಾಪಸ್ ಕಳ್ಸೋದು. ಅಷ್ಟೇ!

ಆದ್ರೆ ಬಂದಿದ್ದು ಒಂದೇ ಕಾರ್ಡು. ಬಿಸಿಲಿಗೆ ಬಣ್ಣ ಹೋದ್ರೆ ಯಾರು ಜವಾಬ್ದಾರಿ? ಅದಕ್ಕೇ ನಮ್ಮ ಗಂಗರಾಜು ಸಾಹೇಬ್ರು ಅದನ್ನ ಬೀರುವಿನಲ್ಲಿಟ್ಟು ಬೀಗ ಹಾಕಿ, ದೃಢೀಕರಿಸಿದ ಜೆರಾಕ್ಸ್ ಪ್ರತಿನ ಗೋಡೆಗೆ ಅಂಟಿಸಿದ್ರು. ಆರು ಹಸಿರೂ ಒಂದೇ ಬೂದಿ ಬಣ್ಣ ಬಂದಿತ್ತು. ಸೀಲ್ ಮಾತ್ರ ನೇರಳೆ, ಬಾಳ ಚೆನ್ನಾಗಿತ್ತು.

ಮೊದಲ್ನೇ ವಾರ ಎಲೆಗಳನ್ನೇ ಅರ್ಜಿಗೆ ಪಿನ್ ಹೊಡೆದು ಇಟ್ಕೊಂಡ್ವಿ. ಒಂದು ಮಧ್ಯಾಹ್ನ ಕುರಿ ಒಳಗೆ ಬಂದು ಹದಿನೇಳು ಅರ್ಜಿ ಮೇಯ್ಕೊಂಡು ಹೋಯ್ತು. ಹದಿನೇಳು ಅರ್ಜಿ ವಿಲೇವಾರಿ ಅಂತ ಬರೆದ್ವಿ. ಮಾರನೇ ದಿನವೇ ನಿಯಮ ನಾಕು ಬಂತು: "ಎಲೆಯನ್ನು ಖುದ್ದಾಗಿ ಹಾಜರುಪಡಿಸತಕ್ಕದ್ದಲ್ಲ. ಎಲೆಯ ಜೆರಾಕ್ಸ್ ಪ್ರತಿಯನ್ನು ಮಾತ್ರ ಲಗತ್ತಿಸತಕ್ಕದ್ದು." ಜೆರಾಕ್ಸನ್ನ ಜೆರಾಕ್ಸಿಗೇ ಹೋಲಿಸೋದು, ಎಷ್ಟು ನ್ಯಾಯ ನೋಡ್ರೀ! ಬೂದಿಗಿಂತ ತಿಳಿ ಬಂದ್ರೆ ಚೀಟಿ, ಕಪ್ಪಗೆ ಬಂದ್ರೆ ವಾಪಸ್.

ಬಸ್ ಸ್ಟ್ಯಾಂಡ್ ಎದುರು ತಿಲಕ್ ಅಂಗ್ಡೀಲಿ ಎರಡು ಮಿಷನ್ನು. ಹೊಸದ್ರಲ್ಲಿ ಏನಿಟ್ರೂ ಕಾಡಿಗೆ ಥರ ಬರುತ್ತೆ. ಹಳೇದ್ರಲ್ಲಿ ಮಸಿ ಪುಡಿ ಮುಗಿದೋಗಿ ಎಲ್ಲಾ ಹೊಗೆ ಥರ. ಎರಡೇ ದಿನಕ್ಕೆ ಹಳೇ ಮಿಷನ್ ಮುಂದೆ ಹಂದನಕೆರೆ ಬಸ್ಸಿನಷ್ಟು ಜನ.

"ಬೋರಯ್ಯಣ್ಣ, ಹೊಸದು ಖಾಲಿ ಇದೆ ಬಾರಣ್ಣ," ಅಂದ ತಿಲಕ್, ಸಾಲಲ್ಲಿ ನಿಂತಿದ್ದ ರೈತಂಗೆ.

"ನಂಗೇನು ಅರ್ಜೆಂಟಿಲ್ಲ ಬುಡು. ನನ್ ರಾಗಿ ಬಾಳ ಬಡವಾಗೈತೆ ಕಣ್ಲಾ."

"ಎಲೆ ಗಿಳಿ ಇದ್ದಂಗೈತಲ್ಲಣ್ಣ!"

"ಜೆರಾಕ್ಸ್ ಬರ್ಲಿ, ಆಮೇಲೆ ಮಾತಾಡು."

ಹೊಗೆ ಥರ ಬಂತು. ಬೋರಯ್ಯಣ್ಣಂಗೆ ಮೂರು ಚೀಲ. ಮಿಕ್ಕಿದ್ದನ್ನ ತೆಂಗಿನ ಬುಡಕ್ಕೆ ಸುರಿದ್ರು.

ಆಮೇಲೆ ಶೆಟ್ಟಿಕೆರೆಯಿಂದ ಸಿದ್ದಕ್ಕ ಬಂದ್ರು. ಅವ್ರದ್ದು ಒಂದೇ ಎಕರೆ ರಾಗಿ. ಮಳೆಗೆ ಗೊಬ್ಬರ ಎಲ್ಲಾ ಕೊಚ್ಕೊಂಡೋಗಿ ಪೈರು ಹಳದಿ ಆಗಿತ್ತು. ನೆಲದ ಹಸಿ ಇನ್ನು ನಾಕು ದಿನ ಇರೋದು, ಅಷ್ಟ್ರಲ್ಲಿ ಒಂದು ಚೀಲ ಬೇಕೇ ಬೇಕು. ತಿಲಕ್ ಹಳೇ ಮಿಷನ್ನಲ್ಲಿಟ್ಟು ಒತ್ತಿದ. ಎಲೆ ಎಷ್ಟು ಬಿಳಿಚಿತ್ತು ಅಂದ್ರೆ ಬರೀ ಬಿಳಿ ಹಾಳೆ ಬಂತು.

"ಇನ್ನೊಂದ್ಸಲ ಒತ್ತು ಮಗಾ," ಅಂದ್ರು ಸಿದ್ದಕ್ಕ. ಮೂರು ಸಲ ಒತ್ತಿದ. ಮೂರು ಬಿಳಿ ಹಾಳೆ.

ಸಾಹೇಬ್ರು ಹಾಳೆನ ಬೆಳಕಿಗೆ ಹಿಡಿದು ನೋಡಿದ್ರು. "ಇದ್ರಲ್ಲಿ ಎಲೆನೇ ಇಲ್ವಲ್ಲಮ್ಮ."

"ಇಲ್ಲೈತೆ ನೋಡಿ ಸ್ವಾಮಿ," ಅಂತ ಸಿದ್ದಕ್ಕ ಸೆರಗಿಂದ ಎಲೆ ತೆಗೆದ್ರು.

ಸಾಹೇಬ್ರು ಮುಖ ತಿರುಗಿಸಿಬಿಟ್ರು. "ಒಳಗಿಡಮ್ಮ, ಒಳಗಿಡು! ನಿಯಮ ನಾಕು!"

"ಈಗ ಹಾಕ್ದಿದ್ರೆ ತೆನೆ ಕಟ್ಟಲ್ಲ ಸ್ವಾಮಿ. ವರ್ಷದ ಮುದ್ದೆ ಅದು."

"ಎಲೆ ಇಲ್ಲ ಅಂದ್ರೆ ಬೆಳೆ ಇಲ್ಲ. ಬೆಳೆ ಇಲ್ದಿರೋ ಹೊಲಕ್ಕೆ ಯೂರಿಯಾ ಕೊಟ್ರೆ ಪೋಲಲ್ವಾ?"

ನಂಗೆ ಒಂದು ಐಡಿಯಾ ಹೊಳೀತು! ಸಿದ್ದಕ್ಕನ ಕೈ ಹಿಡಿದು ಓಡಿ, ಹೊಸ ಮಿಷನ್ನಲ್ಲಿ ತೆಗೆಸ್ಕೊಂಡು ಬಂದೆ. ಕಾಡಿಗೆ. ಸಾಹೇಬ್ರಿಗೆ ಖುಷಿಯೋ ಖುಷಿ.

"ನೋಡಮ್ಮ, ನಿಮ್ ಹೊಲದಲ್ಲಿ ಸಾರಜನಕ ಉಕ್ಕಿ ಹರೀತಾ ಇದೆ!"

"ಎಲೆ ಅದೇ ಸ್ವಾಮಿ. ಆಗ ಬೆಳೆನೇ ಇರ್ನಿಲ್ಲ, ಅರ್ಧ ಗಂಟೇಲಿ ಉಕ್ತಾ?"

"ಇದನ್ನೇ ನಾವು ಪ್ರಗತಿ ಅನ್ನೋದು."

ಹಾಕಿದ ಯೂರಿಯಾ ಸೊನ್ನೆ, ಇರೋ ಸಾರಜನಕ ಭರ್ತಿ. ದಕ್ಷತೆ ಎಷ್ಟು ಅಂತ ಸೊನ್ನೆಯಿಂದ ಭಾಗಿಸಿದ್ರೆ ಕ್ಯಾಲ್ಕುಲೇಟರ್ ಎರರ್ ತೋರಿಸ್ತು, ಸಾಹೇಬ್ರು ನೂರಕ್ಕೆ ನೂರು ಅಂತ ಬರೆದ್ರು. ಮೂರನೇ ದಿನವೇ ಸಿದ್ದಕ್ಕಂಗೆ "ಸಾರಜನಕ ಸಾಧಕಿ" ಅಂತ ಹೊಲದಲ್ಲೇ ಸನ್ಮಾನ, ಶಾಲು, ಹಾರ. ಬಹುಮಾನ ಏನು ಗೊತ್ತಾ? ಒಂದು ಚೀಲ ಯೂರಿಯಾ! ನಾನು ಕುಣಿದೇಬಿಟ್ಟೆ. ಆದ್ರೆ ಸೊನ್ನೆ ಬಳಕೆಯ ಸಾಧಕಿ ಯೂರಿಯಾ ಬಳಸಿದ್ರೆ ಸಾಧನೆಯೇ ರದ್ದಾಗುತ್ತೆ ಅಂತ ಸಾಹೇಬ್ರಿಗೆ ಹೊಳೀತು. ಅದಕ್ಕೆ ಚೀಲದ ದೃಢೀಕೃತ ಜೆರಾಕ್ಸ್ ಪ್ರತಿ ಕೊಡೋದು ಅಂತಾಯ್ತು. ನಲ್ವತ್ತೈದು ಕೆಜಿ ಚೀಲನ ಇಬ್ರು ಎತ್ತಿ ಹೊಸ ಮಿಷನ್ ಮೇಲಿಟ್ರು. ಗಾಜು ಬಿರುಕು ಬಿಡ್ತು, ಬಿರುಕೂ ಸ್ಪಷ್ಟವಾಗಿ ಬಂತು.

ಸಿದ್ದಕ್ಕ ಆ ಹಾಳೆನ ಎರಡೂ ಕೈಲಿ ಇಸ್ಕೊಂಡ್ರು. ಆಮೇಲೆ ಸಾಲಿಗಿಳಿದು, ಹರಿದು ಹರಿದು ಪೈರಿನ ಬುಡಕ್ಕೆ ಹಾಕಕ್ಕೆ ಶುರು ಮಾಡಿದ್ರು. ನಾವೆಲ್ಲ ಚಪ್ಪಾಳೆ ಹೊಡೆದ್ವಿ.

"ಇನ್ನೂ ಸಣ್ಣಕ್ಕೆ ಹರಿ ಸಿದ್ದಕ್ಕ, ಬೇಗ ಕರಗುತ್ತೆ," ಅಂದ್ರು ಬದುವಿನ ಮೇಲಿಂದ ಬೋರಯ್ಯಣ್ಣ.

ಸಾಹೇಬ್ರು ಮಾತ್ರ ಗಾಬರಿಯಾಗಿ ಓಡಿದ್ರು. "ಅಯ್ಯೋ, ಎಲ್ಲಾ ಒಂದೇ ಸಲ ಹಾಕ್ಬೇಡಮ್ಮ, ನಷ್ಟ ಆಗುತ್ತೆ! ಅರ್ಧ ಈಗ, ಅರ್ಧ ಇಪ್ಪತ್ತು ದಿನ ಬಿಟ್ಟು!"

"ಆಯ್ತು ಸ್ವಾಮಿ," ಅಂತ ಸಿದ್ದಕ್ಕ ಉಳಿದರ್ಧ ಹಾಳೆನ ಮಡಚಿ ಸೊಂಟಕ್ಕೆ ಸಿಗಿಸ್ಕೊಂಡ್ರು. "ಮಣ್ಣು ಮುಚ್ಬೇಕಾ?"

"ಮುಚ್ಲೇಬೇಕು. ಇಲ್ದಿದ್ರೆ ಸಾರಜನಕ ಎಲ್ಲಾ ಗಾಳೀಲಿ ಹಾರೋಗುತ್ತೆ."

ಸಿದ್ದಕ್ಕ ಕಾಲಿಂದ ಮಣ್ಣು ಎಳೆದು, ಒಂದು ಚೂರೂ ಹಾರದ ಹಂಗೆ ಮುಚ್ಚಿದ್ರು.