ಮಾಮಾನ ಅರುಗುಲಾ ರಾಶಿ

ಸೊಪ್ಪು ಬೆಳೆದು, ಅದೇ ಸೊಪ್ಪನ್ನು ಯಾರೂ ಕೀಳಬಾರದೆಂದು ಕೋಲು ಹಿಡಿದು ಕಾವಲು ಕೂತ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರುವುದು. ಅವರು ನನ್ನ ಸೋದರಮಾವ!

ಮಹಾರಾಷ್ಟ್ರದ ಗಡಿಯ ಉಮರ್ಗಾ ಪೇಟೆಯಲ್ಲಿ ಮಾಮಾನದು ಕಾಳುಕಡಿಯ ಅಂಗಡಿ. ಯಾವ ಚೀಲ ಬಂದರೂ ಕೈ ಹಾಕಿ, ಒಂದು ಕಾಳು ಕಡಿದು ನೋಡದೆ ಮಾತಾಡುವವರಲ್ಲ. ಮನೆಯಲ್ಲೂ ಅದೇ ಚಾಳಿ. ಮಾಮಿ ತಾಟು ಮುಂದಿಟ್ಟರೆ ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಒಂದ್ ಕಾಳು ಕಡಿಮಿ ಆಗ್ಯಾದ" ಎಂದು ತೀರ್ಪು ಕೊಟ್ಟ ಮೇಲೆಯೇ ಊಟ. ಹೊಗಳುವುದು ಅವರ ಜಾತಕದಲ್ಲೇ ಇಲ್ಲ.

ಹೋದ ಮಳೆಗಾಲ ಮಾಮಿಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಬೆಲ್ಲ ತಿಂದರೂ ಅಷ್ಟೇ, ಹಾಗಲಕಾಯಿ ತಿಂದರೂ ಅಷ್ಟೇ. ತಾನಾಗಿ ಬರಬಹುದು, ಬೇರೆ ಬೇರೆ ರುಚಿ ತೋರಿಸುತ್ತಿರಿ ಎಂದರಂತೆ ಡಾಕ್ಟರು. ಅಡುಗೆ ಅಂದಾಜಿನ ಮೇಲೆ ನಡೆಯಿತು. ಒಂದು ದಿನ ಬೇಳೆಗೆ ಉಪ್ಪೇ ಇಲ್ಲ, ಮರುದಿನ ಎರಡೆರಡು ಸಲ! ಮಾಮಾ ಸದ್ದಿಲ್ಲದೆ ಉಂಡು, "ಛಲೋ ಆಗ್ಯಾದ" ಎಂದರು. ಕೆಟ್ಟಿತಲ್ಲ! ಮಾಮಿ ಸೌಟು ಕೆಳಗಿಟ್ಟರು.

"ಲಗ್ನ ಆದಾಗಿಂದ ಒಮ್ಮಿನೂ ಛಲೋ ಅಂದವರಲ್ಲ ನೀವು. ಇವತ್ತ ಅಂದೀರಿ ಅಂದ್ರ ಬಾಯಾಗ ಇಡಲಾರದಂಗ ಆಗ್ಯಾದ. ಈ ಸಲ ಎಳ್ಳಮಾಸಿಗಿ ನಾ ಭಜ್ಜಿ ಮಾಡಂಗಿಲ್ಲ, ನೋಡ್ರಿ!"

ನಮ್ಮ ಕಡೆ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ, ಹೊಲದಲ್ಲಿ ನಿಂತ ಬೆಳೆಗೆ ಪೂಜೆ. ಸಿಕ್ಕ ಸೊಪ್ಪು, ಹಸಿಕಾಳು ಎಲ್ಲ ಕೂಡಿಸಿ ಕುದಿಸಿದ ಭಜ್ಜಿ ಇಲ್ಲದಿದ್ದರೆ ಅದು ಹಬ್ಬವೇ ಅಲ್ಲ. ಮಾಮಿಯ ಕೈಯ ಭಜ್ಜಿಗೆಂದೇ ನಿಲಂಗಾದ ಬೀಗರು ಬಸ್ಸು ಹತ್ತಿ ಬರುತ್ತಿದ್ದರು. ಆ ಭಜ್ಜಿಯನ್ನೇ ಬಿಟ್ಟರೆ ಮಾಮಿಗೆ ಉಳಿಯುವುದೇನು? ಮಾಮಾಗೆ ನಿಜವಾದ ಹೆದರಿಕೆ ಹತ್ತಿದ್ದು ಆಗಲೇ.

ಉದಗೀರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡ ನನಗೆ ಫೋನು ಬಂತು. "ಅಳಿಯಾ, ನಿಮ್ಮ ಮಾಮಿ ಹುಟ್ಟಿದಾಗಿಂದ ತಿಂದಿರಲಾರದ ಸೊಪ್ಪು ಬೇಕು ನೋಡು."

ನರ್ಸರಿಯವನು ಅರುಗುಲಾ ಬೀಜದ ಪೊಟ್ಟಣ ಕೊಟ್ಟ. ಒಯ್ದು, ಇದು ಪಿಜ್ಜಾದ ಮೇಲೆ ಉದುರಿಸುವ ಎಲೆ, ಹಸಿಯಾಗಿಯೇ ತಿನ್ನಬೇಕು, ತುಸು ಖಾರ ತುಸು ಕಹಿ ಎಂದು ವಿವರಿಸಿದೆ. ಮಾಮಾ ಕೇಳಿದರೆ ತಾನೆ? ಒಂದು ಬೀಜ ಕಡಿದು, "ಸಾಸಿವಿ ಬಳಗದ್ದು" ಎಂದುಬಿಟ್ಟರು. ಅಲ್ಲಿಗೆ ಅರುಗುಲಾದ ಹಣೆಬರಹ ಗೊತ್ತಾಯಿತು!

ದೀಪಾವಳಿ ಮುಗಿದದ್ದೇ ಹಿತ್ತಲಲ್ಲಿ, ನೀರಿನ ಟಾಕಿಯ ಪಕ್ಕ, ಹಾಸಿಗೆಯಷ್ಟು ಅಗಲದ ಮಡಿಯಲ್ಲಿ ಬಿತ್ತನೆ. ಕಾಯಿ ಒಡೆದದ್ದೇನು, ಅಂಚಿನ ಇಟ್ಟಿಗೆಗೆ ವಿಭೂತಿ ಹಚ್ಚಿದ್ದೇನು! ಎಳೆಯ ಎಲೆ ನಳನಳಿಸಿತು. ಕೊಯ್ಯಲು ಇದೇ ಹೊತ್ತೆಂದು ನಾನು ಕೈ ಚಾಚಿದೆ.

"ಹುಚ್ಚಾ! ಕಾಳು ಕಟ್ಟೂದಕ್ಕ ಮೊದಲ ಸುಗ್ಗಿ ಮಾಡ್ತಾರೇನು?"

"ಇದನ್ನ ಎಲಿಗೇ ಬೆಳಿತಾರ್ರೀ ಮಾಮಾ!"

"ಬೆಳಿ ಅಂದ ಮ್ಯಾಲ ರಾಶಿ ಆಗಬೇಕು. ಸಾಸಿವಿ ಎಲಿ ಕೊಯ್ದು ರಾಶಿ ಮಾಡಿದವ ಯಾವನರ ಇದ್ರ ಹೆಸರು ಹೇಳು!"

ಯಾರಿಗಾಗಿ ಬೆಳೆದರೋ ಆ ಮಾಮಿಗೇ ಒಂದೆಲೆ ಇಲ್ಲ! ಮೊದಲು ಕಾಳು ಒಕ್ಕಿ ರಾಶಿ, ಆಮೇಲೆ ರುಚಿ. ಪಕ್ಕದ ಮನೆಯಾಕೆ, ನಾವೆಲ್ಲ ಕಾಕು ಎನ್ನುವವಳು, ಗೋಡೆಯಾಚೆಯಿಂದ ಮರಾಠಿಯಲ್ಲಿ, "ಭಾವಜಿ, ದೋನ್ ಪಾನಂ ದ್ಯಾ ಕೀ!" ಎಂದು ಎರಡೆಲೆ ಕೇಳಿದ್ದಷ್ಟೇ. "ಪಿಕಲ್ಯಾವರ!" ಎಂದು, ಅಂದರೆ ಮಾಗಿದ ಮೇಲೆ ಎಂದು, ಗುಡುಗಿದರು ಮಾಮಾ. ಸೊಪ್ಪು ಎಲ್ಲಾದರೂ ಮಾಗುವುದುಂಟೆ? ಕಾಕು ಇಂದಿಗೂ ನಗುತ್ತಾಳೆ.

ಗಿಡ ಮೊಣಕಾಲು ದಾಟಿ ಹೂ ಬಿಟ್ಟಿತು. ಒಂದು ಮಧ್ಯಾಹ್ನ ಮಾಮಾ ಮಲಗಿದ್ದಾಗ ಬೀದಿಯ ಆಡು ನುಗ್ಗಿ ಬಾಯಿ ಹಾಕಿತು. ಮಾಮಾ ಕೋಲು ಹುಡುಕುವ ಮೊದಲೇ ಅದು ಬಾಯಲ್ಲಿದ್ದದ್ದನ್ನು ಉಗುಳಿ ಓಡಿತು! ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಮುಟ್ಟಿ ಪಶ್ಚಾತ್ತಾಪ ಪಟ್ಟ ಸೊಪ್ಪು ಇದೊಂದೇ ಇರಬೇಕು. ನಾನೂ ಕದ್ದು ಒಂದೆಲೆ ಅಗಿದೆ. ಆಡಿನ ಮೇಲೆ ಗೌರವ ಹೆಚ್ಚಿತು.

ಎಳ್ಳಮಾಸಿ ಬಂತು. ಪ್ರತಿವರ್ಷ ಹಬ್ಬ ನಡೆಯುವ ಹೊಲ ತುರೋರಿ ಹಳ್ಳಿಯಲ್ಲಿ ಕಾಯುತ್ತಿದ್ದರೆ ಮಾಮಾ, "ಬೆಳಿ ಎಲ್ಲಿ ಅದ, ಅಮಾಸಿ ಅಲ್ಲೇ!" ಎಂದು ಹಿತ್ತಲಲ್ಲೇ ಜೋಳದ ದಂಟಿನ ಗುಡಿಸಲು ಕಟ್ಟಿದರು. ಪಾಂಡವರೆಂದು ಸುಣ್ಣ ಬಳಿದ ಐದು ಕಲ್ಲು ಇಟ್ಟರು. ಜಾಗ ಸಾಲದೆ ಪಾಂಡವರು ಒಬ್ಬರ ತೊಡೆಯ ಮೇಲೊಬ್ಬರು ಕೂತರು! ಅಂಬಲಿ ಚೆಲ್ಲುತ್ತ, "ಓಲಗ್ಯೋ ಓಲಗ್ಯೋ, ಸಾಲಂ ಪಲಗ್ಯೋ!" ಎಂದು ಕೂಗುತ್ತ ಬೆಳೆಯನ್ನು ಸುತ್ತಬೇಕು. ಹೊಲವಾದರೆ ಸುತ್ತುವುದಕ್ಕೆ ಅರ್ಧ ತಾಸು. ಇಲ್ಲಿ ನಾಲ್ಕು ಹೆಜ್ಜೆಗೆ ಸುತ್ತು ಮುಗಿಯುತ್ತದೆ. ಮಾಮಾ ನಿಲ್ಲಿಸುವವರಲ್ಲ. ಹಿಂದೆ ಹೊರಟ ನಿಲಂಗಾದ ಬೀಗರು ತಲೆ ತಿರುಗಿ ಟಾಕಿ ಹಿಡಿದುಕೊಂಡರು.

ಭಜ್ಜಿಯ ಪಾತ್ರೆಯ ಮುಂದೆ ನನ್ನ ಹೆಂಡತಿ ಕೂತಿದ್ದಳು. ಮಾಮಿ ಗೋಡೆಗೆ ಒರಗಿ, ಅತಿಥಿಯ ಹಾಗೆ ಸುಮ್ಮನೆ ನೋಡುತ್ತಿದ್ದರು.

ನೈವೇದ್ಯಕ್ಕೆ ಹೊಸ ಬೆಳೆ ಇಡದೆ ಆಗುವುದೆ? ಮಾಮಾ ಮೊದಲ ಬಾರಿಗೆ ಮನಸ್ಸಿಲ್ಲದ ಮನಸ್ಸಿನಿಂದ ಒಂದೆಲೆ ಕಿತ್ತು, ಪಾಂಡವರಿಗೆ ತೋರಿಸಿ, ಮಾಮಿಯ ಕೈಗಿಟ್ಟರು. ಪ್ರಸಾದ ಬೇಡ ಎನ್ನುವಂತಿಲ್ಲ. ಮಾಮಿ ಅಗಿದರು. ಮತ್ತೆ ಅಗಿದರು. ಮುಖ ಕಿವುಚಿಕೊಂಡರು.

"ಶಿವಶಿವಾ, ಏನ್ ಕಹಿರೀ ಇದು! ಇಂಥಾದ್ ಯಾರ್ ತಿಂತಾರ?"

ಮಾಮಾನ ಬೆಳೆಯನ್ನು ಜರಿದವರು ಅಲ್ಲಿಯತನಕ ಸುಮ್ಮನೆ ಮನೆಗೆ ಹೋದದ್ದಿಲ್ಲ. ಮಾಮಾ ಹತ್ತಿರ ಹೋದರು.

"ಏನಂದಿ?"

"ಕಹಿ ಅಂದೆ..." ಎಂದ ಮಾಮಿಗೆ ತಾನು ಏನಂದೆ ಎಂಬುದು ಆಗ ತಿಳಿಯಿತು. ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಕಣ್ಣು ತುಂಬಿದವು.

"ಇನ್ನೊಮ್ಮಿ ಅನ್ನು," ಎಂದರು ಮಾಮಾ.

"ಕಹಿ ಅದರೀ. ಭಾಳ ಕಹಿ ಅದ."

ಸೊಪ್ಪಿನ ಗುಣವೋ, ದಿನ ಕಳೆದದ್ದೋ, ನಾನು ಹೇಳಲಾರೆ. ಮಾಮಾ ಮಾತ್ರ ತಿರುಗಿ ಮಡಿಗೆ ಕೈ ಹಾಕಿದರು. ಕಾಳಿಗೆಂದು ಕೋಲು ಹಿಡಿದು ಕಾಯ್ದ ಗಿಡಗಳನ್ನು ಬೋಳಿಸುತ್ತ, ಎಲೆಗಳನ್ನೆಲ್ಲ ಮುಷ್ಟಿ ಮುಷ್ಟಿಯಾಗಿ ಮಾಮಿಯ ಸೆರಗಿಗೆ ಸುರಿಯತೊಡಗಿದರು.

"ಮಾಮಾ, ಕಾಳು ಕಟ್ಟಿಲ್ಲರೀ! ರಾಶಿ?" ಎಂದೆ.

ಕಣ್ಣೊರೆಸಿಕೊಳ್ಳಲೂ ನಿಲ್ಲದೆ ಅವರೆಂದರು:

"ಆಕಿ ಕಹಿ ಅಂತ ಬೈದಳಲ್ಲೋ ಅಳಿಯಾ. ರಾಶಿ ಆಯ್ತು."